ಬ್ರೇಕಿನೊಳಗಿನ ಗಾಳಿ

"ಬ್ರೇಕ್ ಹಾಕ್ರೀ!"

"ಹಾಕೇ ಇದೀನಿ! ನಿಲ್ತಾ ಇಲ್ಲ!"

"ಇನ್ನೂ ಜೋರಾಗಿ ತುಳೀರಿ!"

"ಎಷ್ಟು ತುಳಿದ್ರೂ ಹಿಡೀತಾನೇ ಇಲ್ಲ... ಅಯ್ಯೋ, ಪಕ್ಕಕ್ಕೆ ಹೋಗಿ!"

ಅವನು ಪಕ್ಕಕ್ಕೆ ಹೋಗಲಿಲ್ಲ. ತನ್ನ ಗ್ಯಾರೇಜಿನತ್ತ ಇಳಿಜಾರಿನಲ್ಲಿ ಉರುಳಿ ಬರುತ್ತಿದ್ದ ಹಳೆಯ ಜೀಪಿನ ಜೊತೆಗೇ ಓಡುತ್ತ, ಕೈಗೆ ಸಿಕ್ಕ ಮರದ ದಿಮ್ಮಿಯನ್ನು ಮುಂದಿನ ಚಕ್ರದಡಿಗೆ ತಳ್ಳಿದ. ಜೀಪು ಒಮ್ಮೆ ಎಗರಿ, ಮುಗ್ಗರಿಸಿ, ಅವನ ಮೊಣಕಾಲಿನಿಂದ ಗೇಣು ದೂರದಲ್ಲಿ ನಿಂತಿತು.

ಅವಳು ಹಣೆಯನ್ನು ಸ್ಟಿಯರಿಂಗಿಗೆ ಆನಿಸಿದಳು. ಬಲಗೈಯಲ್ಲಿ ಏನೋ ಇದೆ ಎಂದು ನೋಡಿದರೆ... ಬುಡಸಮೇತ ಕಿತ್ತು ಬಂದ ಹ್ಯಾಂಡ್ ಬ್ರೇಕಿನ ಹಿಡಿ!

"ಇದೇನು?" ಎಂದ ಅವನು ಏದುಸಿರು ಬಿಡುತ್ತ.

"ರಿಪೇರಿಗೆ ತಂದೆ" ಎಂದಳು ನಡುಗುವ ದನಿಯಲ್ಲಿ.

ಅವನು ನಗಲಿಲ್ಲ. ನಗು ಕೇಳಿಸಿದ್ದು ಶೆಡ್ಡಿನೊಳಗಿನಿಂದ. ಗ್ಯಾರೇಜಿನ ಯಜಮಾನಿ, ಅವನ ಅಮ್ಮ, ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನಮ್ಮ ದನದ ಡಾಕ್ಟ್ರಮ್ಮ ಅಲ್ವಾ ನೀನು? ತೊರೆ ದಾಟಿ ಬಂದ್ಯಾ? ಡ್ರಮ್ಮಿನೊಳಗೆ ನೀರು ತುಂಬಿದೆ ತಾಯಿ. ಈ ಹಳೇ ಕಾಲದ ಡ್ರಮ್ ಬ್ರೇಕು ನೆನೆದ್ರೆ ಸೋಪು ಹಚ್ಚಿದ ಹಾಗೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕೋಣ. ಗುಜರಿಯಲ್ಲಿ ಇದರ ತಮ್ಮನಂಥ ಗಾಡಿ ಒಂದಿದೆ. ಅದರ ಮುಂದಿನ ಚಕ್ರಗಳ ಆಕ್ಸಲ್ ಎತ್ತಿ ಇದಕ್ಕೆ ಕೂರಿಸಿದ್ರೆ ಬ್ರೇಕೂ ಜೊತೆಗೇ ಬರುತ್ತೆ."

ಗುಡ್ಡದ ಮೇಲಿನ ಮನೆಗಳ ಹಸು, ಕರು, ಮೇಕೆಗಳಿಗೆಲ್ಲ ಅವಳೊಬ್ಬಳೇ ವೈದ್ಯೆ. ಅವಳಿಗೆ ಆ ಜೀಪೊಂದೇ ಗತಿ. ಅದನ್ನು ಅವಳು 'ಮುದುಕ' ಎಂದು ಕರೆಯುತ್ತಿದ್ದಳು.

ಮುದುಕನನ್ನು ನೋಡುವ ನೆಪದಲ್ಲಿ ದಿನಾ ಸಂಜೆ ಗ್ಯಾರೇಜಿಗೆ ಬರತೊಡಗಿದಳು. ಅಮ್ಮ ಬಾಯಿತುಂಬ ಮಾತಾಡುತ್ತಿದ್ದಳು. ಮಗ ಮಾತಾಡುತ್ತಿರಲಿಲ್ಲ. ಆದರೆ ಅವಳು ಕೂರುವ ಟೈರಿನ ಮೇಲೆ ಒಗೆದ ಗೋಣಿಚೀಲ ಮಡಚಿಟ್ಟಿರುತ್ತಿತ್ತು. ಅವಳ ಚಹಾ ಆರದಿರಲೆಂದು ಲೋಟದ ಮೇಲೆ, ಉಜ್ಜಿ ತೊಳೆದ ಚಕ್ರದ ಮುಚ್ಚಳವೊಂದು ಕೂತಿರುತ್ತಿತ್ತು.

"ನಿಮ್ಮ ಹತ್ರ ಮಾತಿಗೂ ಕೂಪನ್ ಬೇಕಾ?" ಎಂದಳು ಒಂದು ದಿನ.

"ಇಲ್ಲ."

"ನೋಡಿ, ಅದಕ್ಕೂ ಒಂದೇ ಪದ!"

ಅವನು ತಲೆ ತಗ್ಗಿಸಿ ನಕ್ಕ. ಆ ನಗುವನ್ನು ಅವಳು ದಾರಿಯುದ್ದಕ್ಕೂ ಹೊತ್ತುಕೊಂಡು ಮನೆಗೆ ಹೋದಳು.

ಜೀಪು ಸಿದ್ಧವಾದ ದಿನ ಕೀ ಕೊಡುತ್ತ ಅವನು ಮೆಲ್ಲಗೆ ಹೇಳಿದ, "ಸ್ವಲ್ಪ ದಿನ ಫೋರ್‌ವೀಲ್ ಹಾಕ್ಬೇಡಿ."

"ಯಾಕೆ?"

ಅವನ ಕಣ್ಣು ಒಳಗಿದ್ದ ಅಮ್ಮನತ್ತ ಹೋಗಿ ಬಂತು. "ಹಾಕ್ಬೇಡಿ, ಅಷ್ಟೇ."

ಹೊಸ ಆಕ್ಸಲ್ ಅಲ್ಲವೇ, ಹೊಂದಿಕೊಳ್ಳಲಿ ಎಂದಿರಬೇಕು... ಅವಳು ಹೆಚ್ಚು ಕೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಗುಡ್ಡದ ತುದಿಯ ಮನೆಯಿಂದ ಕರೆ ಬಂತು. ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕೊನೆಯ ಏರಿನಲ್ಲಿ ಬರೀ ಕೆಸರು. ಹಿಂದಿನ ಚಕ್ರಗಳು ಗಿರಗಿರ ಸುತ್ತಿದವು. ಇನ್ನು ದಾರಿಯಿಲ್ಲ ಎಂದು, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್‌ವೀಲ್ ಲಿವರ್ ಎಳೆದಳು.

ಮುಂದಿನ ಚಕ್ರಗಳು ಅಲುಗಲಿಲ್ಲ!

ಚೀಲ ಹೆಗಲಿಗೇರಿಸಿ, ಜಾರುತ್ತ, ಏಳುತ್ತ ಓಡಿದಳು. ಕರು ಉಳಿಯಿತು. ಹಸು ಉಳಿದದ್ದೇ ಹೆಚ್ಚು.

ವಾಪಸು ಬಂದು ಜೀಪಿನಡಿ ಬಗ್ಗಿ ನೋಡಿದಳು. ಎಂಜಿನ್ನಿನ ಬಲವನ್ನು ಮುಂದಿನ ಆಕ್ಸಲ್ಲಿಗೆ ಒಯ್ಯುವ ಶಾಫ್ಟೇ ಇರಲಿಲ್ಲ. ಮುರಿದದ್ದಲ್ಲ... ಯಾರೋ ನೀಟಾಗಿ ಬಿಚ್ಚಿದ್ದರು.

ಮೈತುಂಬ ಕೆಸರಿನಲ್ಲೇ ಗ್ಯಾರೇಜಿಗೆ ಬಂದಳು. ಅವನೊಬ್ಬನೇ ಇದ್ದ.

"ಶಾಫ್ಟ್ ಎಲ್ಲಿ?"

ಅವನ ಮುಖ ಬಿಳಿಚಿತು. "...ನಾನೇ ಬಿಚ್ಚಿದೆ."

"ಯಾಕೆ?"

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸತೊಡಗಿದ.

"ಇನ್ನೊಂದು ಚೂರು ತಡವಾಗಿದ್ರೆ ಒಂದಲ್ಲ, ಎರಡು ಜೀವ ಹೋಗ್ತಿತ್ತು! ನನ್ನ ಗಾಡಿದು ಬಿಚ್ಚಿ ಇನ್ಯಾರ ಗಾಡಿಗೆ ಹಾಕಿದ್ರಿ? ಹೇಳ್ರೀ!"

ಅವನ ಕಣ್ಣು ಅಮ್ಮ ಕೂರುವ ಜಾಗದತ್ತ ಹೋಗಿ ಬಂತು.

ಅವಳು ಕೀಯನ್ನು ಅವನ ಕಾಲ ಬಳಿ ಎಸೆದು ನಡೆದಳು. 'ಇಂಥವನನ್ನು ನಂಬಿದೆನಲ್ಲ...' ದಾರಿ ಮಂಜಾಯಿತು. ಕಣ್ಣೊರೆಸಿಕೊಂಡರೆ ಕೆನ್ನೆಗೂ ಕೆಸರು.

ಆಮೇಲೆ ಹೊರಗೆ ಯಾವ ಗಾಡಿ ನಿಂತರೂ ಅವಳ ಕಿವಿ ನೆಟ್ಟಗಾಗುತ್ತಿತ್ತು. ಅವನು ಬರಲಿಲ್ಲ.

ಬಂದದ್ದು ಅವನ ಅಮ್ಮ. ದನದ ಆಸ್ಪತ್ರೆಯ ಬೆಂಚಿನ ಮೇಲೆ, ಎರಡು ಮೇಕೆಗಳ ನಡುವೆ ಸರದಿಗೆ ಕಾಯುತ್ತ ಕೂತಿದ್ದಳು.

"ಅಮ್ಮಾ, ನೀವು ಇಲ್ಲಿ?"

"ಮಗನಿಗೆ ಬಾಯಿ ಬಿದ್ದುಹೋಗಿದೆ ಡಾಕ್ಟ್ರೇ. ಮನುಷ್ಯರ ಡಾಕ್ಟ್ರ ಕೈಲಾಗಲ್ಲ. ನೀವು ನೋಡ್ತೀರಾ?"

ಬೇಡವೆಂದರೂ ಅವಳಿಗೆ ನಗು ಬಂತು. ಅಮ್ಮ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಕೇಳು ಮಗಳೇ. ನೀವು ಹಸುವಿನ ಹಲ್ಲು ನೋಡ್ತೀರಿ, ನಾವು ಗೇರಿನ ಹಲ್ಲು ಎಣಿಸ್ತೀವಿ. ಮುಂದಿನ ಆಕ್ಸಲ್ಲಿನ ಲೆಕ್ಕ, ಹಿಂದಿನದರ ಲೆಕ್ಕ ತಾಳೆ ಆಗ್ಬೇಕು. ಎಣಿಸಿದ್ದು ನಾನು. ತಪ್ಪಿದ್ದೂ ನಾನು. ಫೋರ್‌ವೀಲಲ್ಲಿ ಗುಡ್ಡ ಹತ್ತಿದ್ರೆ ಮುಂದಿನ ಚಕ್ರ ಒಂದು ವೇಗ, ಹಿಂದಿಂದು ಇನ್ನೊಂದು... ಗೇರು ಪುಡಿಯಾಗ್ತಿತ್ತು. ನಡು ಏರಲ್ಲಿ ನೀನು ಏನ್ಮಾಡ್ತಿದ್ದೆ?"

ಅವಳು ಅಮ್ಮನತ್ತ ಪೂರ್ತಿ ತಿರುಗಿ ಕೂತಳು.

"ಇದು ಇವನಿಗೆ ಗೊತ್ತಾಗಿಬಿಟ್ಟಿದೆ. ನಿನಗೆ ಹೇಳಿದ್ರೆ ನನ್ನ ಕಿವಿಗೆ ಬೀಳುತ್ತೆ, ಅಮ್ಮನ ಕಣ್ಣು ಮಂಜಾಗಿರೋದು ಊರಿಗೆಲ್ಲ ಗೊತ್ತಾಗುತ್ತೆ ಅಂತ ಸುಮ್ಮನೆ ಶಾಫ್ಟ್ ಬಿಚ್ಚಿಟ್ಟ. ಸರಿಯಾದ ಗೇರ್ ಸಿಕ್ಕ ಮೇಲೆ ಗುಟ್ಟಾಗಿ ಹಾಕೋದಂತೆ! ನಿನ್ನೆ ಕಸ ಗುಡಿಸೋವಾಗ ಅವನ ಮಂಚದಡಿ ಶಾಫ್ಟ್ ಸಿಕ್ತು. ಹೊದಿಕೆ ಬೇರೆ ಹೊದಿಸಿದಾನೆ, ಕೂಸಿಗೆ ಹೊದಿಸಿದ ಹಾಗೆ. ಬಾಯಿಬಿಡಿಸಿ ಚೆನ್ನಾಗಿ ಬೈದೆ. ನನ್ನ ಕಣ್ಣಿಗೆ ಆಪರೇಷನ್ ಮಾಡಿಸಿದ್ರಾಯ್ತು. ಅವನ ಬಾಯಿಗೆ ಏನು ಮಾಡಿಸ್ಲಿ?"

ಅವಳು ಆಗಲೇ ಎದ್ದು ನಿಂತಿದ್ದಳು.

"ಹೋಗು, ಮೇಕೆಗಳನ್ನ ನಾನು ಮಾತಾಡಿಸ್ತಿರ್ತೀನಿ" ಎಂದಳು ಅಮ್ಮ.

ಗ್ಯಾರೇಜಿನಲ್ಲಿ ಅವನು ಜೀಪಿನ ಮುಂಚಕ್ರದ ಬಳಿ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅವಳ ಚಪ್ಪಲಿ ನೋಡಿ ಅವನ ಕೈಯ ಸ್ಪ್ಯಾನರ್ ನಿಂತಿತು.

"ಸರಿಯಾದ ಗೇರ್ ಹಾಕಿದೆ. ಶಾಫ್ಟೂ ಹಾಕಿದೆ" ಎಂದ ಅಲ್ಲಿಂದಲೇ. "ಬ್ರೇಕ್ ಪೈಪಲ್ಲಿ ಗಾಳಿ ಸೇರಿದೆ. ತೆಗೀಬೇಕು. ಒಬ್ಬನ ಕೈಲಾಗಲ್ಲ... ಅಮ್ಮ ಬರ್ಲಿ ಅಂತ..."

"ಅಮ್ಮ ಬರೋದು ತಡ. ನಾನು ತುಳೀತೀನಿ."

ಅವಳು ಸೀಟಿಗೆ ಹತ್ತಿದಳು. ಆ ಕೆಲಸವನ್ನು ಅವಳು ಇಲ್ಲಿ ನೋಡಿದ್ದಳು. ಒಬ್ಬರು ಪೆಡಲ್ ತುಳಿದು ಹಾಗೇ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ತಿರುಪನ್ನು ಸಡಿಲಿಸಿ, ಎಣ್ಣೆಯ ಜೊತೆ ಗಾಳಿಗುಳ್ಳೆ ಹೊರಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲೆತ್ತಿದರೆ ಗಾಳಿ ಪುನಃ ಒಳಕ್ಕೆ.

"ಒಂದು ಮಾತು" ಎಂದಳು. "ನೀವು ಕಾಪಾಡೋಕೇ ಬಿಚ್ಚಿದ್ದು ಅಂತ ಗೊತ್ತಾಯ್ತು. ಆದ್ರೆ ಗುಡ್ಡ ಹತ್ತೋಳು ನಾನು. ಶಾಫ್ಟ್ ಇಲ್ಲ ಅಂತ ತಿಳಿದಿದ್ರೆ ಮೊದಲೇ ಇಳಿದು ಓಡ್ತಿದ್ದೆ. ನನ್ನಿಂದ ಮುಚ್ಚಿಟ್ಟು ನನ್ನ ಕಾಪಾಡ್ಬೇಡಿ. ಅಂಥವರ ಜೊತೆ ನನ್ನ ಕೈಲಿ ಬಾಳೋಕಾಗಲ್ಲ."

ಕೊನೆಯ ಪದ ಬಾಯಿಜಾರಿ ಬಂದಿತ್ತು.

"ಈಗ ನಾನು ಒಂದೊಂದ್ಸಲ ತುಳಿದಾಗ ನೀವು ಮುಚ್ಚಿಟ್ಟಿದ್ದು ಒಂದೊಂದು ಹೇಳಿ" ಎಂದು ಕಾಲೊತ್ತಿದಳು.

ಆಮೇಲೆ ತಿರುಪು ಕಿರ್ರೆಂದಿತು.

"ಅಮ್ಮ ಕೆಲಸ ಬಿಟ್ಟು ಸ್ಪ್ಯಾನರ್ ಕೆಳಗಿಟ್ರೆ ಏನಾಗ್ತಾಳೋ ಅಂತ ಹೆದರಿದ್ದೆ... ಬಿಡಿ."

ಬಿಟ್ಟಳು. ಮತ್ತೆ ತುಳಿದಳು.

"ನೀವು ಕೀ ಎಸೆದ ದಿನ ಹಿಂದೇನೇ ಬಂದೆ. ಆಸ್ಪತ್ರೆ ಗೇಟಿನ ತನಕ. ನಾಯಿ ಬೊಗಳ್ತು. ವಾಪಸ್ ಬಂದೆ... ಬಿಡಿ."

"ಅದು ಕಟ್ಟಿಹಾಕಿದ ನಾಯಿ ರೀ!"

"ನೋಡ್ದೆ. ಆದ್ರೂ ವಾಪಸ್ ಬಂದೆ."

ಅವಳು ನಗು ತಡೆದುಕೊಂಡು ತುಳಿದಳು.

"ಆಕ್ಸಲ್ ಕೂರಿಸೋದು ಎರಡು ದಿನದ ಕೆಲಸ. ನೀವು ಸಂಜೆ ಬರ್ತಿದ್ರಲ್ಲ... ಬೇಕಂತಲೇ ಎಳೆದೆ... ಬಿಡಿ."

ಅವಳ ಕೆನ್ನೆ ಬಿಸಿಯಾಯಿತು. ಮತ್ತೆ ತುಳಿದಳು. ಈ ಸಲ ಅವನು ಉಸಿರೆಳೆದುಕೊಂಡದ್ದು ಮೇಲಿನವರೆಗೂ ಕೇಳಿಸಿತು.

"ನೀವಂದ್ರೆ ನಂಗೆ ಪ್ರಾಣ."

ಕೆಳಗೆ ಬುಳಬುಳನೆ ಸದ್ದಾಯಿತು.

"...ಕಾಲೆತ್ತಿಬಿಟ್ರಾ?"

"ಎತ್ತಿಬಿಟ್ಟೆ..."

"ನಾನಿನ್ನೂ ಬಿಗಿದಿರ್ಲಿಲ್ಲ. ಗಾಳಿ ಎಲ್ಲ ಒಳಗೆ ಹೋಯ್ತು. ಮೊದಲಿಂದ ಮಾಡ್ಬೇಕು."

ಅವಳು ಕಿಟಕಿಯಿಂದ ಬಗ್ಗಿದಳು. ಎಣ್ಣೆ ಮೆತ್ತಿದ ಮುಖವೊಂದು ಕೆಳಗಿನಿಂದ ನೋಡುತ್ತಿತ್ತು, ಹೆದರಿಕೊಂಡು, ನಗುತ್ತ.

"ಮಾಡೋಣ" ಎಂದಳು. "ಆದ್ರೆ ಈ ಸಲ ಆ ಕೊನೇದನ್ನೇ ಮೊದಲು ಹೇಳಿ."