ಲಕ್ಷ್ಮೀದೇವಮ್ಮ ಕಾಣೆಯಾದ ಬೆಳಗು

ಗರ್ಭಗುಡಿಯ ಬಾಗಿಲು ತೆಗೆದ ಪೂಜಾರಿ ಚಿಕ್ಕಸ್ವಾಮಿ ಹೊಸ್ತಿಲಲ್ಲೇ ನಿಂತುಬಿಟ್ಟ. ಪೀಠ ಬರಿದಾಗಿತ್ತು. ಲಕ್ಷ್ಮೀದೇವಮ್ಮನ ಕಂಚಿನ ಮೂರ್ತಿ—ಹೊಯ್ಸಳರ ಕಾಲದ್ದೆಂದು ಫೋಟೋ ತೆಗೆಯಲು ಬಂದಿದ್ದ ಮೈಸೂರಿನವರು ಹಿಂದಿನ ದಿನವಷ್ಟೇ ಹೇಳಿಹೋಗಿದ್ದ ಮೂರ್ತಿ—ಇರಲಿಲ್ಲ! ಪೀಠದ ಮೇಲೆ ಪಟ್ಟೆ ಸೀರೆ ಮಡಿಸಿಟ್ಟಿತ್ತು. ಅದರ ಮೇಲೆ ಬೆಳ್ಳಿ ಕಿರೀಟ, ಕಾಸಿನ ಸರ.

ಬೀಗ ಒಡೆದಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ರವೀಂದ್ರ ಜೀಪಿನಲ್ಲಿ ಬರುವಷ್ಟರಲ್ಲಿ ಊರು ಕಳ್ಳನನ್ನು ಹಿಡಿದಾಗಿತ್ತು. ಗುಡಿಯ ಕಸ ಗುಡಿಸಿಕೊಂಡು ಜಗಲಿಯಲ್ಲೇ ಮಲಗುತ್ತಿದ್ದ ದಾಸಯ್ಯನನ್ನು ಕಂಬಕ್ಕೆ ಕಟ್ಟಿದ್ದರು. ತುಟಿ ಒಡೆದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಎಲ್ಲಿಟ್ಟಿದ್ದೀಯೋ?" ರವೀಂದ್ರ ಕೇಳಿದ.

"ನಾನ್ ಕಾಣೆ ಸಾಮಿ. ಜಾವದಲ್ಲಿ ಕೆರೆ ಕಡೀಕ್ ಓಗಿದ್ದೆ. ಬಂದು ಮಲೀಕಂಡೆ, ಅಷ್ಟೇಯ."

"ಸುಳ್ಳು ಸಾರ್!" ಗುಡಿಯ ಯಜಮಾನ ಚಲುವರಾಜು ಮುಂದೆ ಬಂದ. "ಇದುಕ್ಕೆ ಬೆಲೆ ಕಟ್ಟಕ್ಕಾಗಕಿಲ್ಲ ಅಂತ ಮೈಸೂರೋರು ಅಂದಾಗ ಇವ್ನು ಇಲ್ಲೇ ನಿಂತಿದ್ದ. ನಾಕ್ ಬುಡಿ, ಬಾಯ್ಬುಡ್ತಾನೆ."

ರವೀಂದ್ರ ಕೆನ್ನೆಗೆ ಬಾರಿಸಿದ. ದಾಸಯ್ಯ ಕಣ್ಣು ಮುಚ್ಚಿಕೊಂಡ. ಅವನನ್ನು ಜೀಪಿನಲ್ಲಿ ಕೂರಿಸಿದರು.

ಆಮೇಲೆ ರವೀಂದ್ರ ಬೀಗ ನೋಡಿದ.

"ಇದರ ಬೀಗದ ಕೈ ಎಷ್ಟಿವೆ?"

"ಎಲ್ಡು ಸಾರ್," ಎಂದ ಚಿಕ್ಕಸ್ವಾಮಿ. "ಒಂದು ನನ್ನ ಉಡದಾರದಲ್ಲಿ. ಇನ್ನೊಂದು ಯಜಮಾನ್ರ ಮನೆ ದೇವ್ರ ಗೂಡಲ್ಲಿ."

"ಹಳೇ ಬೀಗ ಸಾರ್," ಚಲುವರಾಜು ಹೇಳಿದ. "ಮೊಳೇಲೂ ತಗೀಬೋದು."

ರವೀಂದ್ರ ಒಂದು ಮೊಳೆ ತರಿಸಿದ. ಬಗ್ಗಿಸಿ ಹಾಕಿದ, ತಿರುವಿದ, ಮತ್ತೆ ತಿರುವಿದ. ಬೀಗ ಜಪ್ಪಯ್ಯ ಅನ್ನಲಿಲ್ಲ. ಜೀಪಿನ ಕಡೆ ನೋಡಬೇಕೆನ್ನಿಸಿತು. ನೋಡಲಾಗಲಿಲ್ಲ.

"ನಿನ್ನೆ ಏನು ನಡೀತು ಹೇಳು," ಎಂದು ಚಿಕ್ಕಸ್ವಾಮಿಯತ್ತ ತಿರುಗಿದ.

"ಅಳೇ ವಿಗ್ರಹಗಳ ಫೋಟೋ ತಗಿಯೋರು ಬಂದ್ರು. ಅಲಂಕಾರ ಎಲ್ಲ ತಗೀರಿ ಅಂದ್ರು. ಬಿಸ್ಲಲ್ಲಿ ಮೇಜಿನ ಮ್ಯಾಲೆ ನಿಲ್ಸುದ್ರು. ಜನ ಸೇರ್ಬುಟ್ರು. ರೀಲು ಮುಗುದೋಯ್ತು, ಇಂದ್ಗಡೆ ಫೋಟೋ ನಾಳೆ ತಗೀತೀವಿ ಅಂತ ಒಂಟೋದ್ರು. ನಾನು ಮತ್ತೆ ಉಡುಸ್ದೆ."

"ಏನೇನು ಉಡಿಸಿದೆ? ಒಂದೊಂದೂ ಹೇಳು."

"ಒಳೀಕೆ ಅರಿಶಿನದ ನೂಲುಬಟ್ಟೆ. ಮ್ಯಾಲೆ ಪಟ್ಟೆ ಸೀರೆ. ಸರ, ಕಿರೀಟ."

ರವೀಂದ್ರ ಪೀಠದತ್ತ ತಿರುಗಿದ. "ನೂಲುಬಟ್ಟೆ ಎಲ್ಲಿ?"

ಹುಡುಕಿದರು. ಇರಲಿಲ್ಲ.

"ಅರುಕ್ಲು ತುಂಡು, ಬುಡಿ ಸಾರ್," ಎಂದ ಚಲುವರಾಜು.

"ಬಟ್ಟೆ ಬಿಚ್ಚಿದಾಗ ಹೆಂಗಸರು ಇದ್ರಾ?"

ಚಿಕ್ಕಸ್ವಾಮಿ ತಲೆ ತಗ್ಗಿಸಿದ. "ಸೆರಗು ಮುಚ್ಕಂಡು ಒಂಟೋದ್ರು. ಯಜಮಾನ್ರ ತಾಯಿ ಪಾರ್ವತವ್ವಾರು ಮಾತ್ರ ಪೂಜೆಗೆ ಊ ತಂದೋರು ಬಾಗ್ಲಲ್ಲೇ ನಿಂತ್ಬುಟ್ಟಿದ್ರು."

"ಗಂಡಸರು?"

"ನಗಾಡ್ತಿದ್ರು. ಒಬ್ರು ಏನೋ ಅಂದ್ರು... ಬಾಯಲ್ಲಿ ಏಳೋ ಮಾತಲ್ಲ."

"ತಮಾಸೆಗೆ ಅಂದುದ್ದು ಕಣಯ್ಯ ಅದು!" ಚಲುವರಾಜು ಥಟ್ಟನೆ ಹೇಳಿಬಿಟ್ಟ.

ರವೀಂದ್ರ ಅವನ ಮುಖವನ್ನೇ ನೋಡಿದ.

"ನಿಮ್ಮ ಮನೇಲಿ ಯಾರ್ಯಾರಿದ್ದೀರಿ?"

"ನಾನು, ನಮ್ಮವ್ವ. ಇಬ್ರೇಯ."

"ನಡೀರಿ, ಹೋಗೋಣ."

ಪಾರ್ವತಮ್ಮ ಅಡುಗೆಮನೆಯಲ್ಲಿ, ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ರವೀಂದ್ರ ಟೋಪಿ ತೆಗೆದು ಅವಳೆದುರು ನೆಲದ ಮೇಲೆ ಕೂತ.

"ಅವ್ವಾ, ಬೆಳ್ಳಿಗೆ ಬಂದ ಕಳ್ಳ ಕಿರೀಟ ಬಿಟ್ಟು ಹೋಗ್ತಿರಲಿಲ್ಲ. ಕಂಚಿಗೆ ಬಂದ ಕಳ್ಳನಾದರೆ, ಆ ಹಳೇ ನೂಲುಬಟ್ಟೆ ಅವನಿಗ್ಯಾಕೆ? ನಾವೆಲ್ಲ ಬಿಟ್ಟು ಹೋಗಿದ್ದನ್ನೇ ನೋಡ್ತಾ ಇದ್ವಿ. ಒಯ್ದಿದ್ದೇನು ಅಂತ ನೋಡಲಿಲ್ಲ. ಒಯ್ದವರಿಗೆ ಆಯಮ್ಮನ್ನ ಬರೀ ಮೈಯಲ್ಲಿ ಎತ್ಕೊಂಡು ಹೋಗೋಕೆ ಮನಸ್ಸು ಬರಲಿಲ್ಲ. ಇವತ್ತು ಮತ್ತೆ ಬಟ್ಟೆ ಬಿಚ್ಚಿಸ್ತಾರೆ ಅಂತ ಸಂಕಟಪಟ್ಟವರು ಅವರು. ಬೀಗ ಮೊಳೆಗೆ ಬರೋದಿಲ್ಲ. ಬೀಗದ ಕೈ ಈ ಮನೇಲಿದೆ. ನೀವೇ ಅಲ್ವಾ ಅವ್ವಾ?"

"ಊಂ ಕಣಪ್ಪ," ಎಂದಳು ಪಾರ್ವತಮ್ಮ. "ಮಗೀನಂಗೆ ಸೊಂಟದ ಮ್ಯಾಲೆ ಕೂರುಸ್ಕಂಡು ಬಂದೆ." ಮಗನ ಕಡೆ ತಿರುಗಿದಳು. "ನೀನಂದುದ್ದು ಕೇಳುಸ್ತು ಕಣ್ಲಾ. ನಾನೆತ್ತ ಮಗ ಅಂದುದ್ದು. ನಂಗೇ ಸೀರೆ ಬಿಚ್ಚಿ ನಿಲ್ಸುದಂಗಾಯ್ತು."

ಚಲುವರಾಜು ಗೋಡೆ ನೋಡುತ್ತ ನಿಂತ.

"ದಾಸಯ್ಯನ್ನ ಹೊಡೀತಿದ್ದಾಗ?" ರವೀಂದ್ರನ ದನಿ ಇಳಿದಿತ್ತು.

"ಕೂಗ್ತಿದ್ದ. ಬಾಗ್ಲಗಂಟ ಓದೆ. ಯಾಕ್ ತಂದೆ ಅಂತ ಊರ್ ಮುಂದೆ ಏಳ್ಬೇಕಲ್ಲಪ್ಪ? ನಾಚ್ಕೆಗೆ ಬಾಯೇ ಬರ್ನಿಲ್ಲ. ವಾಪಸ್ ಬಂದು ಇಲ್ಲೇ ಕುಂತ್ಕಂಡೆ." ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ವಾಡೆಯ ರಾಗಿ ಸರಿಸಿದಾಗ ಅರಿಶಿನದ ಬಟ್ಟೆಯ ಅಂಚು ಕಂಡಿತು. ಪಾರ್ವತಮ್ಮನೇ ಮೂರ್ತಿಯನ್ನು ಎತ್ತಿಕೊಂಡು ಗುಡಿಗೆ ನಡೆದಳು. ಗುಡಿಯ ಮುಂದೆ ಮೈಸೂರಿನವರ ಕಾರು ಬಂದು ನಿಂತಿತ್ತು. ಫೋಟೋ ಬೇಕಿದ್ದರೆ ಹೆಂಗಸರನ್ನು ಕರೆತನ್ನಿ, ಬಾಗಿಲು ಹಾಕಿಕೊಂಡು ತೆಗೆಯಲಿ ಎಂದು ರವೀಂದ್ರ ಅವರನ್ನು ವಾಪಸು ಕಳಿಸಿದ.

ಜೀಪಿನಿಂದ ಇಳಿದ ದಾಸಯ್ಯ ಜಗಲಿಯ ಮೂಲೆಯಲ್ಲಿದ್ದ ತನ್ನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಪಾರ್ವತಮ್ಮ ಅವನ ಕಾಲಿಗೆ ಬಗ್ಗಿದಳು. ಅವನು ಗಾಬರಿಯಿಂದ ಹಿಂದೆ ಸರಿದ.

"ಬ್ಯಾಡಿ ಕಣವ್ವ. ಆಗ್ಲೇ ಬಂದು ಒಂದು ಮಾತು ಅಂದಿದ್ರೆ ಸಾಕಾಗಿತ್ತು." ಆಮೇಲೆ ರವೀಂದ್ರನನ್ನು ಕೇಳಿದ: "ನಾನಿನ್ನು ಓಗ್ಲಾ ಸಾಮಿ?"

"ಎಲ್ಲಿಗೆ?"

"ಬಿಂಡಿಗನವಿಲೇಲಿ ತಂಗಿ ಅವ್ಳೆ."

ನಿಂತಿದ್ದ ಅಷ್ಟು ಜನರಲ್ಲಿ ಒಬ್ಬರೂ ಇರು ಎನ್ನಲಿಲ್ಲ. ಹಾಗೆನ್ನಲು ಯಾರಿಗೂ ಮುಖವಿರಲಿಲ್ಲ.

"ತಪ್ಪಾಯ್ತು ದಾಸಯ್ಯ," ಎಂದ ರವೀಂದ್ರ. "ಬಾ, ಜೀಪಲ್ಲಿ ಬಿಟ್ಟು ಬರ್ತೀನಿ."

ದಾಸಯ್ಯ ಜೀಪನ್ನೊಮ್ಮೆ ನೋಡಿದ. ಊದಿದ ಕೆನ್ನೆ ಸವರಿಕೊಂಡ.

"ಬ್ಯಾಡಿ ಸಾಮಿ. ಇದ್ರಲ್ಲಿ ಓಗಿ ಇಳುದ್ರೆ ಅಲ್ಲೂ ಕಳ್ಳ ಅಂತಾರೆ."

ಕಂಬಳಿ ಸರಿಮಾಡಿಕೊಂಡು ಅವನು ಬಸ್ಸಿನ ರಸ್ತೆಯ ಕಡೆ ನಡೆದ.