ಬಾಲ್ಸಾಮಿಕೋ ಸೀಸೆಯ ಬಿರಡೆ

ಠಪ್!

ಬಿರಡೆ ಹಾರಿ ಜಂತಿಗೆ ಬಡಿಯಿತು. ಮಾನ್ವಿಯ ಇಟಲಿ ಪಾದ್ರಿ ಊಟ ಬಿಟ್ಟು ಎದ್ದರು. ಅಲಮಾರಿಯಲ್ಲಿದ್ದ ಪುಟ್ಟ ಸೀಸೆ ನೊರೆ ಉಕ್ಕಿಸುತ್ತಿತ್ತು. ಬೆರಳದ್ದಿ ನೆಕ್ಕಿದರು.

"ಇದು ನನ್ನ ಬಾಲ್ಸಾಮಿಕೋ ಅಲ್ಲ! ಯಾರೋ ಬದಲಿಸಿದ್ದಾರೆ!"

ಯುದ್ಧ ಮುಗಿದ ಮೇಲೆ ತಾಯಿ ಇಟಲಿಯ ಮೊದೆನಾ ಊರಿನಿಂದ ಕಳಿಸಿದ ಸೀಸೆ ಅದು. ಆ ಕೋಣೆಗೆ ಹೋಗಿಬರುವವರು ಇಬ್ಬರೇ: ಅಡುಗೆಯ ಬಂಡೆಮ್ಮ, ಪಾದ್ರಿಯ ದವಾಖಾನೆಯ ಕಂಪೌಂಡರ್ ಮೌಲಾಹುಸೇನ. ಸುದ್ದಿ ಮುಟ್ಟಿ ಪೊಲೀಸ್ ಅಮೀನ್ ಅಬ್ದುಲ್ ವಹೀದ್ ಬಂದರು.

"ಅಕೀನ ಕುಡದಾಳ್ರೀ, ಅಮೀನ್ ಸಾಹೇಬ್ರ. ರಾಯಚೂರು ಜೇಲಿಗೆ ಕಳಸ್ರಿ," ಎಂದ ಮೌಲಾಹುಸೇನ.

"ಯಪ್ಪಾ, ನಾ ಮುಟ್ಟಿಲ್ರೀ!" ಬಂಡೆಮ್ಮ ಕೈಮುಗಿದಳು.

ವಹೀದರು ಸೀಸೆ ಮೂಸಿದರು. ಹುಳಿಯ ಜೊತೆ ಬೆಲ್ಲದ ವಾಸನೆ. "ಸಿರ್ಕಾ, ಅಂದ್ರ ವಿನೆಗರ್, ಅಲ್ಲೇನ್ರಿ ಇದು? ನಮ್ಮ ಅಮ್ಮೀನೂ ಮಾಡ್ತಾರ. ನಲವತ್ತು ದಿನ ಬಿಸಲಾಗ ಇಡ್ತಾರ."

"ನಮ್ಮದು ನಲವತ್ತು ವರ್ಷ," ಎಂದರು ಪಾದ್ರಿ. "ದ್ರಾಕ್ಷಿರಸ ಕುದಿಸಿ ಗಟ್ಟಿ ಮಾಡಿ, ಅಟ್ಟದ ಮರದ ಪೀಪಾಯಿಗೆ ಹಾಕುತ್ತೇವೆ. ವರ್ಷವರ್ಷವೂ ದೊಡ್ಡದರಿಂದ ಸಣ್ಣದಕ್ಕೆ. ಇದು ನಾನು ಹುಟ್ಟಿದಾಗ ಅಜ್ಜ ಹಾಕಿದ್ದು. ಬಾಲ್ಸಾಮಿಕೋ ಎಂದರೆ ವಾಸಿ ಮಾಡುವಂಥದ್ದು. ಹಿಂದೆ ಔಷಧಿಯೆಂದು ಕುಡಿಯುತ್ತಿದ್ದರು. ಈಗ ಊಟಕ್ಕೆ, ಒಂದೇ ತೊಟ್ಟು. ಹಣ್ಣಿನ ಮೇಲೂ ಸೊಗಸು. ಇವರಿಬ್ಬರಿಗೂ ಎಷ್ಟೋ ಸಲ ಹೇಳಿದ್ದೇನೆ."

ನಲವತ್ತು ವರ್ಷ! ವಹೀದರು ತಮಗರಿವಿಲ್ಲದೆ ಟೋಪಿ ತೆಗೆದರು.

*  *  *

ವಹೀದರು ನೇರ ದವಾಖಾನೆಗೆ ನಡೆದರು. ಸಾಲುಸಾಲು ಔಷಧಿ ಸೀಸೆ. ಮೈಮೇಲೆ ಡೋಸು ತೋರಿಸುವ ಕಾಗದದ ಪಟ್ಟಿ. ಒಂದೊಂದನ್ನೇ ವಾಲಿಸಿದರು. ಎಲ್ಲವೂ ನೀರಿನಂತೆ ಹರಿದವು. ಏಳನೆಯದು ಮಾತ್ರ ಗಾಜಿಗೆ ಅಂಟಿ, ನಿಧಾನವಾಗಿ ಇಳಿಯಿತು.

ಮೌಲಾಹುಸೇನನ ಮುಖ ಬಿಳಿಚಿತು.

"ಹ್ಯಾಂಗ ಗೊತ್ತಾತ್ರಿ?"

"ಬಿರಡಿ ಹೇಳ್ತು. ಹಸಿ ಸಿರ್ಕಾಕ್ಕ ಬೆಲ್ಲ ಕೂಡಿದ್ರ ಹುಳಿತದ, ಉಬ್ಬತದ. ಅಡಿಗಿಯವ್ರು ಗಟ್ಟಿ ಆಗ್ಬೇಕಂದ್ರ ಬೆಲ್ಲ ಕುದಿಸಿ ಪಾಕ ಮಾಡ್ತಾರ. ತಣ್ಣಗ ಹಾಕಿ ಅಲ್ಲಾಡಸಾವ್ರು ಯಾರು? ಮಿಕ್ಸ್ಚರ್ ಮಾಡೋ ಕಂಪೌಂಡರ್! ಕೈಯಾಗಿನ ರೂಢಿ ಬಿಡಲಿಲ್ಲ, ಮಿಯಾ. ಮತ್ತ, ದಿನಾ ಊಟಕ್ಕ ಬಡಿಸೋ ಬಂಡೆಮ್ಮಗ ಅದು ಹುಳಿ. ಔಷಧಿ ಅಂತ ಆಸಿ ಬಿದ್ದಾವ ನೀನು."

"ದೇವದುರ್ಗದ ಜಹಗೀರದಾರ್ರ ಎದಿನೋವು ವಾಸಿ ಮಾಡಿದ್ರ ಹೆಸರಾಗ್ತದ ಅಂತ..." ಅವನು ತಲೆ ತಗ್ಗಿಸಿದ.

*  *  *

ಪಾದ್ರಿ ಬಂಡೆಮ್ಮನ ಕೈ ಹಿಡಿದು ಕ್ಷಮೆ ಕೇಳಿದರು. ಸುಟ್ಟ ಬದನೆಕಾಯಿಯ ಮೇಲೆ ಒಂದೊಂದು ತೊಟ್ಟು ಬಿಟ್ಟು ಮೂವರೂ ತಿಂದರು. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಎಲ್ಲಿಯದೋ ಮರದ ವಾಸನೆ. ವಹೀದರು ಕಣ್ಣು ಮುಚ್ಚಿದರು.

ಬಂಡೆಮ್ಮ ಬಹಳ ಹೊತ್ತು ನುಂಗಲೇ ಇಲ್ಲ.

"ಎಂಟು ತಿಂಗಳು ಬಡಿಸೀನ್ರೀ ಯಪ್ಪಾ," ಎಂದಳು. "ರುಚಿ ಹಿಂಗದ ಅಂತ ಇವತ್ತ ಗೊತ್ತಾತು."