ಮುಷ್ಕರದ ವರ್ಷದ ಕ್ಯಾಸೆಟ್

ಆ ಶುಕ್ರವಾರ ಸಂಜೆ ಆರೂ ನಲವತ್ತಕ್ಕೆ ಸಿ ಮುಂದಿರ್, ಅಂದರೆ ಮುಂದಿರ್ ಸಾಹೇಬರು, ಮೈಕ್ ಹಿಡಿದು ಅಂಗಳದಲ್ಲಿ ಕೂತಿದ್ದ ಎಂಬತ್ತು ಜನರಿಗೆ ಹೇಳಿದರು: “ಕ್ಷಮಿಸಿ, ಸಂವಾದ ಸ್ವಲ್ಪ ತಡ ಆಗುತ್ತೆ. ಇವತ್ತು ಕೇಳಿಸ್ಬೇಕು ಅಂತಿದ್ದ ಹಳೇ ಕ್ಯಾಸೆಟ್ ಕಳುವಾಗಿದೆ. ಕಚೇರಿ ಬೀಗದಕೈ ಇದ್ದಿದ್ದು ನಮ್ಮ ಕೆಲಸದ ಮಬ್ರೂಕಾ ಹತ್ರ. ಅವಳನ್ನ ವಿಚಾರಿಸ್ತಾ ಇದ್ದೀವಿ.”

ಎಂಬತ್ತು ತಲೆ ಒಟ್ಟಿಗೆ ತಿರುಗಿದವು. ಮಬ್ರೂಕಾ ಪುದೀನ ಚಹಾದ ತಟ್ಟೆ ಹಿಡಿದು ಮೂರನೇ ಸಾಲಿನ ನಡುವೆ ನಿಂತಿದ್ದಳು. ಅವಳು ಚೆಲ್ಲಲಿಲ್ಲ, ಬೀಳಿಸಲಿಲ್ಲ. ಉಳಿದ ನಾಲ್ಕು ಲೋಟಗಳನ್ನೂ ಕೊಟ್ಟೇ ಕಚೇರಿಗೆ ಬಂದಳು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ಹೆಸರು ಹಾತೆಮ್. ಟ್ಯೂನಿಸ್‌ನ ಹಳೇ ಪೇಟೆಯ ಈ ಸಂವಾದ ಮನೆಯಲ್ಲಿ ಆರು ವರ್ಷದಿಂದ ಮೈಕು, ಸ್ಪೀಕರು, ಕುರ್ಚಿ ನೋಡಿಕೊಳ್ಳುತ್ತಿದ್ದೆ. ಬಡವರ ಬಗ್ಗೆ, ದುಡಿಯುವವರ ಘನತೆಯ ಬಗ್ಗೆ ಇಲ್ಲಿ ಕೇಳಿದಷ್ಟು ಮಾತನ್ನು ನಾನು ಮಸೀದಿಯಲ್ಲೂ ಕೇಳಿಲ್ಲ. ಆದರೆ ಮಾತಾಡಿದ ಒಬ್ಬ ಮಹಾನುಭಾವನೂ ಕುಡಿದ ಲೋಟವನ್ನು ತಾನೇ ಎತ್ತಿಟ್ಟದ್ದು ಕಾಣೆ. ಮೈಕ್ ಕಿತ್ತು ಮುಂದಿರರ ತಲೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಮಹಡಿ ಹತ್ತಿ ಲಲ್ಲಾ ಶಾದ್ಲಿಯಾರ, ಅಂದರೆ ಶಾದ್ಲಿಯಾ ಅಮ್ಮನವರ, ಬಾಗಿಲು ಬಡಿದೆ.

ಶಾದ್ಲಿಯಾ ಕೋರ್ಟಿನಲ್ಲಿ ಮೂವತ್ತು ವರ್ಷ ಶೀಘ್ರಲಿಪಿ ಬರೆದು ನಿವೃತ್ತರಾದವರು. ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದು, ನಮ್ಮ ಸಂವಾದಗಳನ್ನು ಬರೆದು ಕೊಡುತ್ತಿದ್ದರು. ಪೇಟೆಯಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಅಂಥ ಏಳೆಂಟು ಹುಡುಕಾಟಗಳಲ್ಲಿ ನಾನೂ ಅವರ ಬೆನ್ನಿಗಿದ್ದೆ.

“ಕೂಗಾಡ್ಬೇಡ ಕಣೋ, ನನ್ನ ಕಿವಿ ಇನ್ನೂ ಸತ್ತಿಲ್ಲ,” ಎಂದರು, ಕಪಾಟಿನಿಂದ ಏನನ್ನೋ ತೆಗೆದು ಶಾಲಿನೊಳಗೆ ಸೇರಿಸಿ ಚಪ್ಪಲಿ ಮೆಟ್ಟಿಕೊಳ್ಳುತ್ತ. “ನಡಿ.”

ಕಚೇರಿಯಲ್ಲಿ ನಾಲ್ಕು ಜನರಿದ್ದರು. ಮನೆಯ ನಿರ್ದೇಶಕ ಮುಂದಿರ್. ಅಂದಿನ ಅತಿಥಿ ಪ್ರೊಫೆಸರ್ ಗರ್ಸಲ್ಲಾ: ‘ಪಕ್ಕದ ಮನೆಯ ಭಯ’ ಎಂಬ ಪುಸ್ತಕ ಬರೆದು ಮೂರು ದೇಶಗಳಲ್ಲಿ ಹೆಸರಾದವರು, ಎಡಗಿವಿಯ ಮೇಲೆ ಮಲ್ಲಿಗೆ ಮೊಗ್ಗಿನ ಪುಟ್ಟ ಗುಚ್ಛ ಸಿಕ್ಕಿಸಿಕೊಂಡಿದ್ದರು. ಅವರನ್ನು ಮಾತಾಡಿಸಬೇಕಿದ್ದ ಕವಿ ಲಮೀನ್ ಸಿಗರೇಟಿಗೆ ಚಡಪಡಿಸುತ್ತಿದ್ದ. ಮೂಲೆಯಲ್ಲಿ ಮಬ್ರೂಕಾ.

ಗಾಜಿನ ಕಪಾಟು ತೆರೆದಿತ್ತು. ಕೆಳಗಿನ ಅರೆಯಲ್ಲಿ ಹಳೇ ಸಂವಾದಗಳ ಕ್ಯಾಸೆಟ್ಟುಗಳ ಸಾಲು, ನಡುವೆ ಒಂದು ಹಲ್ಲು ಕಿತ್ತಂಥ ಜಾಗ. ಆ ಜಾಗದ ಹಿಂದೆ ಒಂದು ಮಶ್ಮೂಮ್ ಬಿದ್ದಿತ್ತು, ಪ್ರೊಫೆಸರರ ಕಿವಿಯ ಮೇಲಿದ್ದಂಥದೇ ಮಲ್ಲಿಗೆ ಗುಚ್ಛ.

“ಸಾಕ್ಷಿ ಅಲ್ಲೇ ಇದೆ,” ಎಂದರು ಮುಂದಿರ್. “ಬಾಗಿಲಲ್ಲಿ ಹೂ ಮಾರೋ ಬುಜೆಮಾ ಇವತ್ತು ಸಂಜೆ ಇವಳಿಗೊಂದು ಮಶ್ಮೂಮ್ ಕೊಟ್ಟ. ನಾನೇ ನೋಡ್ದೆ. ಎಲ್ಲಿ ಅದು ಈಗ?”

“ಮುಂದಿನ ಸಾಲಲ್ಲಿ ಒಬ್ಬರು ಅಜ್ಜಿ ಆಸೆಪಟ್ರು, ಕೊಟ್ಬಿಟ್ಟೆ,” ಎಂದಳು ಮಬ್ರೂಕಾ. “ನಾನ್ಯಾಕೆ ಕದೀಲಿ ಸ್ವಾಮಿ? ಅದ್ರಲ್ಲಿ ತೀರಿಹೋದ ನನ್ನ ಒಸ್ಮಾನ್ ದನಿ ಇದೆ. ಇವತ್ತು ಕೇಳ್ತೀನಿ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದ್ದೆ.”

“ಅದಕ್ಕೇ ಕದ್ದೆ! ಗಂಡನ ದನಿ ಮನೇಲಿ ಇಟ್ಕೊಳ್ಳೋಣ ಅಂತ.” ಮುಂದಿರ್ ದೊಡ್ಡ ಮನಸ್ಸಿನವರಂತೆ ಕೈ ಬಿಚ್ಚಿದರು. “ಪೊಲೀಸಿಗೆ ಹೇಳಲ್ಲ. ಕ್ಯಾಸೆಟ್ ಕೊಡು, ನಾಳೆ ಬೆಳಿಗ್ಗೆ ರೂಮು ಖಾಲಿ ಮಾಡು.”

ಹೆಬ್ಬಾಗಿಲ ಪಕ್ಕದ ಆ ರೂಮಿನಲ್ಲಿ ಅವಳು ಹದಿನೆಂಟು ವರ್ಷದಿಂದ ಇದ್ದಳು. ಕಳ್ಳಿ ಅನ್ನಿಸಿಕೊಂಡವಳಿಗೆ ಈ ಪೇಟೆಯಲ್ಲಿ ಬೇರೆ ಯಾರು ಬಾಗಿಲು ತೆರೆಯುತ್ತಾರೆ?

“ಪಾಪ, ಹೋಗ್ಲಿ ಬಿಡಿ,” ಎಂದರು ಪ್ರೊಫೆಸರ್. “ಬಡತನ ಎಂಥೆಂಥದ್ದು ಮಾಡಿಸುತ್ತೆ.”

ನಾನು ಅವರತ್ತ ಒಂದು ಹೆಜ್ಜೆ ಇಟ್ಟೆ. ಶಾದ್ಲಿಯಾ ನನ್ನ ತೋಳು ಹಿಡಿದರು. “ಮುಂದಿರ್, ಕ್ಯಾಸೆಟ್ ಕೊನೇಗೆ ಕಂಡಿದ್ದು ಯಾವಾಗ?”

“ನಿನ್ನೆ ಮಧ್ಯಾಹ್ನ. ನಾನೇ ಸಾಲು ಜೋಡಿಸ್ದೆ, ಆಗ ಈ ಹೂ ಇರಲಿಲ್ಲ. ಮಲ್ಲಿಗೆ ಹತ್ರ ಬಂದ್ರೆ ಸಾಕು, ನನಗೆ ಸೀನು.” ಹೇಳಿ ಮುಗಿಸುವಷ್ಟರಲ್ಲೇ ಎರಡು ಸಲ ಸೀನಿದರು.

“ಆಮೇಲೆ?”

“ಸಂಜೆ ಐದಕ್ಕೆ ಇವರಿಬ್ರೂ ಬಂದ್ರು. ಬಂದರಿನ ಮುಷ್ಕರದ ವರ್ಷದ್ದು ಕೇಳಿಸ್ತೀನಿ, ಸಭಿಕರ ಪ್ರಶ್ನೆಗಳೇ ಅದ್ರಲ್ಲಿ ಜೋರಂತೆ ಅಂದೆ. ಕುರ್ಚಿ ಹೇಗೆ ಹಾಕ್ಬೇಕು ಅಂತ ಹಾತೆಮ್‌ಗೆ ಹೇಳೋಕೆ ಹೊರಗೆ ಹೋದೆ. ಲಮೀನ್ ನಡುವೆ ಸಿಗರೇಟಿಗೆ ಎದ್ದು ಹೋಗಿದ್ದ. ಏಳಕ್ಕೆ ಬೀಗ ಹಾಕ್ದೆ. ಇವತ್ತು ಮಧ್ಯಾಹ್ನ ಕಸ ಗುಡಿಸೋಕೆ ಇವಳಿಗೆ ಬೀಗದಕೈ ಕೊಟ್ಟೆ.”

“ನಿನ್ನೆ ಮಬ್ರೂಕಾ ಎಲ್ಲಿದ್ಲು?”

“ಬಿಝೆರ್ತ್‌ನಲ್ಲಿ, ಮಗಳ ಮನೇಲಿ,” ಎಂದೆ ನಾನು. “ಬುಧವಾರ ನಾನೇ ಬಸ್ಸು ಹತ್ತಿಸ್ದೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ಬಂದ್ಲು.”

ಶಾದ್ಲಿಯಾ ಬಗ್ಗಿ ಮಶ್ಮೂಮ್ ಎತ್ತಿದರು. ಕಡ್ಡಿಗಳಿಗೆ ಕಟ್ಟಿದ್ದ ಹೂ ಪೂರ್ತಿ ಅರಳಿ, ಎಸಳಿನ ಅಂಚು ಕಂದುಗಟ್ಟಿತ್ತು. ಬುಡಕ್ಕೆ ಸುತ್ತಿದ್ದು ಹಸಿರು ದಾರ. ಅವರು ಅದನ್ನು ಮೂಸಿ, ಮೇಜಿನ ಮೇಲಿಟ್ಟರು.

“ಹಾತೆಮ್, ಬುಜೆಮಾ ಹತ್ರ ಹೋಗಿ ಇವತ್ತಿಂದು ಒಂದು ತಗೊಂಡು ಬಾ.”

ಬಾಗಿಲಲ್ಲಿ ಬುಜೆಮಾ ಕಣ್ಣು ಹೊಡೆದ. “ಏನಪ್ಪಾ ಮದುಮಗ, ಕೊನೆಗೂ ಯಾರಾದ್ರೂ ಒಪ್ಪಿದ್ರಾ?”

“ನಿನ್ನ ಹೂ ನೋಡಿದ್ರೆ ಒಪ್ಪಿದವಳೂ ಓಡ್ತಾಳೆ, ಕೊಡಯ್ಯ,” ಎಂದು ಕಿತ್ತುಕೊಂಡು ಬಂದೆ.

ಶಾದ್ಲಿಯಾ ಎರಡನ್ನೂ ಅಕ್ಕಪಕ್ಕ ಇಟ್ಟು, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. ಮಬ್ರೂಕಾ ನಿಂತೇ ಇದ್ದಳು. ಶಾದ್ಲಿಯಾ ತಮ್ಮ ಕುರ್ಚಿಯನ್ನು ಅವಳ ಕಡೆ ತಳ್ಳಿ ತಾವು ನಿಂತರು.

“ಇದು ಬುಜೆಮಾ ಈಗ ಮಾರ್ತಿರೋ ಹೂ, ಮಬ್ರೂಕಾಗೆ ಸಂಜೆ ಕೊಟ್ಟಿದ್ದೂ ಇಂಥದ್ದೇ. ನೋಡಿ, ಮೊಗ್ಗಿನ್ನೂ ಬಾಯಿ ಬಿಟ್ಟಿಲ್ಲ. ಮಧ್ಯಾಹ್ನ ಕೊಯ್ದು ಕಟ್ಟಿದ ಮೊಗ್ಗು ಕತ್ತಲಾದ ಮೇಲೇ ಅರಳೋದು. ಕಪಾಟಿನ ಹೂ ಅರಳಿ ಬಾಡಿದೆ. ಅಂದ್ರೆ ಇದು ನಿನ್ನೇದು. ಮೊನ್ನೇದಲ್ಲ, ಯಾಕಂದ್ರೆ ನಿನ್ನೆ ಮಧ್ಯಾಹ್ನ ಇದು ಅಲ್ಲಿರಲಿಲ್ಲ. ಮುಂದಿರ್, ಹೂ ಮುಡಿಯೋ ಊರಲ್ಲಿ ಹುಟ್ಟಿ ನಿನಗೆ ಇಷ್ಟೂ ತಿಳೀಲಿಲ್ವಾ?”

“ನಾನು ಅದರ ಹತ್ರಾನೇ ಹೋಗಲ್ಲ…” ಮುಂದಿರ್ ಮತ್ತೆ ಸೀನಿದರು.

“ಅದಕ್ಕೇ ನೀನೂ ಕದ್ದಿಲ್ಲ ಅನ್ನೋದು. ಬಗ್ಗಿದಾಗ ಕಿವಿಯಿಂದ ಜಾರಿ ಬೀಳೋಕೆ ಮೊದಲು ಅದು ಕಿವೀಲಿರ್ಬೇಕು. ನಿನ್ನೆ ಐದರಿಂದ ಏಳರವರೆಗೆ ಕಚೇರಿ ತೆರೆದಿತ್ತು, ಇಬ್ಬರು ಬಂದಿದ್ರು. ಲಮೀನ್, ನೀನು ಹೂ ಎಲ್ಲಿ ತಗೋತೀಯ?”

“ಬುಜೆಮಾ ಹತ್ರಾನೇ. ಸಾಲ ಕೊಡೋನು ಅವನೊಬ್ನೇ.”

“ಬುಜೆಮಾ ಕಟ್ಟೋದು ಕೆಂಪು ದಾರದಲ್ಲಿ, ಇಲ್ಲಿದೆ ನೋಡಿ. ಹೂಗಾರರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ಕಪಾಟಲ್ಲಿ ಸಿಕ್ಕಿದ್ದು ಹಸಿರು.” ಅವರು ಪ್ರೊಫೆಸರರ ಕಡೆ ಕೈ ಚಾಚಿದರು. “ನೀವು ಮರ್ಸಾ ಕಡಲ ದಂಡೆಯಿಂದ ರೈಲಲ್ಲಿ ಬರ್ತೀರಿ, ಹೂ ಅಲ್ಲೇ ತಗೋತೀರಿ. ನಿಮ್ಮ ಕಿವೀದು ಸ್ವಲ್ಪ ಕೊಡ್ತೀರಾ, ಸಿ ಗರ್ಸಲ್ಲಾ?”

ಪ್ರೊಫೆಸರ್ ಅಲುಗಾಡಲಿಲ್ಲ. ನಾನೇ ತೆಗೆದು ಮೇಜಿನ ಮೇಲಿಟ್ಟೆ. ಹಸಿರು ದಾರ.

“ಒಂದು ದಾರದಿಂದ ಮನುಷ್ಯನನ್ನ ಕಳ್ಳ ಮಾಡ್ತೀರಾ?” ಅವರು ನಕ್ಕರು. “ಯಾರೋ ಅಚ್ಚಿನ ಮೊಳೆ ಜೋಡಿಸೋನ ಪ್ರಶ್ನೆ ಕದ್ದು ನಾನೇನು ಮಾಡ್ಲಿ?”

“ಆ ಕ್ಯಾಸೆಟ್ಟಲ್ಲಿ ಛಾಪಖಾನೆಯವನ ಪ್ರಶ್ನೆ ಇದೆ ಅಂತ ಇಲ್ಲಿ ಯಾರೂ ಹೇಳಲಿಲ್ವಲ್ಲ,” ಎಂದರು ಶಾದ್ಲಿಯಾ ಮೆಲ್ಲಗೆ. “ಮಬ್ರೂಕಾ ಗಂಡನ ದನಿ ಅಂದ್ಲು. ಅವನ ಕೆಲಸ ಏನು ಅನ್ನಲಿಲ್ಲ. ಅವತ್ತು ನೀವೂ ಸಭೇಲಿ ಇದ್ರಿ, ಎಳೇ ಉಪನ್ಯಾಸಕ. ನಾನೂ ಇದ್ದೆ, ಹಿಂದಿನ ಸಾಲಲ್ಲಿ. ಕೋರ್ಟಿಗೆ ರಜೆ, ಕೈಗೆ ರಜೆ ಇರಲಿಲ್ಲ.”

ಅವರು ಶಾಲಿನ ಮರೆಯಿಂದ ಹಳೇ ನೋಟ್‌ಬುಕ್ ತೆಗೆದರು. ಹುಳು ಹರಿದಂಥ ಗೀಟುಗಳು, ನಮಗಾರಿಗೂ ಓದಲು ಬಾರದವು. ಅವರು ಓದಿದರು: “ಛಾಪಖಾನೆಯ ಒಸ್ಮಾನ್ ಕೇಳ್ತಾನೆ. ‘ಸ್ವಾಮಿ, ನೀವೆಲ್ಲ ದೊರೆಗೆ ಹೆದರ್ತೀವಿ ಅಂತೀರಿ. ನಾನು ದೊರೇನ ಕಂಡೇ ಇಲ್ಲ. ನಾನು ಹೆದರೋದು ಪಕ್ಕದ ಮನೆಯವನಿಗೆ, ಅವನು ನನಗೆ. ಇಬ್ಬರೂ ಒಂದು ದಿನ ಬಾಗಿಲು ತೆರೆದಿಟ್ಟು ಮಲಗಿದ್ರೆ ದೊರೆ ಏನು ಮಾಡ್ತಾನೆ?’”

ಲಮೀನ್ ಬಾಯಿಂದ ಹಚ್ಚದ ಸಿಗರೇಟು ಬಿತ್ತು. “ಇದು ನಿಮ್ಮ ಪುಸ್ತಕದ ಮೊದಲನೇ ಪುಟ ಅಲ್ವೇನ್ರೀ!”

“ಮೊದಲನೇ ಪುಟ, ಕೊನೇ ಪುಟ, ನಡುವಿನ ನಾನೂರು ಪುಟ,” ಎಂದರು ಶಾದ್ಲಿಯಾ. “ಪುಸ್ತಕ ಬಂದಾಗಲೇ ನನಗೆ ಅನುಮಾನ. ಮಾತು ಊರಿನದು, ಯಾರಾದ್ರೂ ಬರೀಲಿ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು. ನೀವು ಟೇಪ್ ಒಂದೇ ಸಾಕ್ಷಿ ಅಂದ್ಕೊಂಡ್ರಿ.”

ಪ್ರೊಫೆಸರ್ ಮೇಜಿನ ಮೇಲಿನ ತಮ್ಮ ಹೂವನ್ನು ಪಕ್ಕಕ್ಕೆ ಸರಿಸಿದರು. “ಆ ಟೇಪ್ ಈಗಿಲ್ಲ,” ಎಂದರು.

ಮುಂದಿರರ ಬುದ್ಧಿ ಆಗ ಚುರುಕಾಯಿತು. “ಆಯ್ತು, ಆಯ್ತು. ಮಬ್ರೂಕಾ, ತಪ್ಪಾಯ್ತಮ್ಮ, ನಿನ್ನ ರೂಮು ನಿನ್ನದೇ. ಈ ವಿಷಯ ಈ ನಾಲ್ಕು ಗೋಡೆ ಒಳಗೇ ಇರ್ಲಿ. ಹೊರಗೆ ಎಂಬತ್ತು ಜನ ಕಾಯ್ತಿದ್ದಾರೆ, ಮನೆ ಮರ್ಯಾದೆ…”

“ಹೌದು ಸ್ವಾಮಿ, ಎಂಬತ್ತು ಜನ,” ಎಂದು ಮಬ್ರೂಕಾ ಎದ್ದಳು. “ನನ್ನನ್ನ ಕಳ್ಳಿ ಅಂದಾಗ್ಲೂ ಎಂಬತ್ತೇ ಇದ್ರು. ಮೈಕಲ್ಲಿ ಅಂದಿದ್ದನ್ನ ಮೈಕಲ್ಲೇ ವಾಪಸ್ ತಗೊಳ್ಳಿ.”

ಮುಂದಿರ್ ಶಾದ್ಲಿಯಾರನ್ನು ನೋಡಿದರು. ಶಾದ್ಲಿಯಾ ನನ್ನನ್ನು ನೋಡಿದರು. ನಾನು ಹೋಗಿ ಮೈಕ್ ಹಾಕಿದೆ.

ಮಬ್ರೂಕಾ ಕದ್ದಿಲ್ಲ, ಕದ್ದವರು ಯಾರು ಅನ್ನುವುದನ್ನು ಮುಂದಿರ್ ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದರು, ಬೆವರು ಒರೆಸಿಕೊಳ್ಳುತ್ತ. ಶಾದ್ಲಿಯಾ ನೋಟ್‌ಬುಕ್ ಹಿಡಿದು ಒಸ್ಮಾನನ ಪ್ರಶ್ನೆ ಓದಿದರು. ಲಮೀನ್ ಕರೆತಂದು ಕೂರಿಸಿದ್ದ ಪ್ರೊಫೆಸರ್ ವೇದಿಕೆಯ ಮೇಲೆ ಅತಿಥಿಯ ಕುರ್ಚಿಯಲ್ಲೇ ಇದ್ದರು. ಎದ್ದು ಹೋಗಲು ಎಂಬತ್ತು ಜನರ ನಡುವೆ ಒಂದೇ ದಾರಿ ಇತ್ತು.

“ಸಭಿಕರ ಪ್ರಶ್ನೆ ಏನಾದ್ರೂ?” ಎಂದ ಲಮೀನ್, ಅಭ್ಯಾಸಬಲದಿಂದ.

ಮಬ್ರೂಕಾ ಕೈ ಎತ್ತಿದಳು. ನಾನು ಅವಳ ಬಳಿ ಮೈಕ್ ಒಯ್ದೆ.

“ಓದಿದ್ದು ಅವನ ಮಾತು. ದನಿ ಬೇರೆ,” ಎಂದಳು. “ನನ್ನ ಗಂಡನ ದನೀನ ಎಲ್ಲಿ ಎಸೆದ್ರಿ?”

ಪ್ರೊಫೆಸರರ ತುಟಿ ಅಲುಗಿತು. ಅವರ ಮುಂದಿನ ಮೈಕ್ ತೆರೆದಿತ್ತು. ಅವರು ಅದರಿಂದ ಮುಖ ಹಿಂದಕ್ಕೆಳೆದುಕೊಂಡು, “ಸಮುದ್ರಕ್ಕೆ,” ಎಂದರು.

ನಾನು ವೇದಿಕೆ ಹತ್ತಿ ಮೈಕನ್ನು ಅವರ ಬಾಯಿಗೆ ತಾಗುವಷ್ಟು ಹತ್ತಿರ ತಂದೆ.

“ಜೋರಾಗಿ ಹೇಳಿ,” ಎಂದೆ. “ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ.”